ಹಾರ್ಮೋನ್ ಚುಚ್ಚಿಸಿಕೊಂಡರೆ ವಯಸ್ಸು ಇಳಿಯುತ್ತಾ?

ಪ್ರಶ್ನೆ: ನನಗೆ 58 ವರ್ಷ. ಹೊಟ್ಟೆ ಬಂದಿದೆ, ತೋಳು ಸೊರಗಿದೆ, ಬೇಗ ಸುಸ್ತಾಗುತ್ತದೆ. ಗ್ರೋತ್ ಹಾರ್ಮೋನ್ ಇಂಜೆಕ್ಷನ್ ತಗೊಂಡರೆ ಹತ್ತು ವರ್ಷ ಚಿಕ್ಕವರಾಗ್ತೀರಿ ಅಂತ ಜಿಮ್ಮಿನ ಸ್ನೇಹಿತರೊಬ್ಬರು ಹೇಳ್ತಾರೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತದಲ್ವಾ, ತುಂಬಿಸಿಕೊಂಡರೆ ತಪ್ಪೇನು ಡಾಕ್ಟ್ರೇ?

ಉತ್ತರ: ಕಡಿಮೆಯಾಗುವುದು ನಿಜ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದನ್ನು ಆಗಾಗ ಅಲೆಅಲೆಯಾಗಿ ಬಿಡುತ್ತದೆ, ಅದರಲ್ಲೂ ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ ಜಾಸ್ತಿ. ಯೌವನ ದಾಟಿದ ಮೇಲೆ ಆ ಅಲೆಗಳು ಸಣ್ಣದಾಗುತ್ತಾ ಹೋಗುತ್ತವೆ. ಆದರೆ ಒಂದು ಮಾತು ಆ ಸ್ನೇಹಿತರು ಹೇಳಿರಲಾರರು: ಹೊಟ್ಟೆಯ ಬೊಜ್ಜು ಬಂದರೂ ಈ ಹಾರ್ಮೋನ್ ಇಳಿಯುತ್ತದೆ, ತೂಕ ಇಳಿಸಿದರೆ ಒಂದಷ್ಟು ತಾನಾಗಿಯೇ ಏರುತ್ತದೆ.

ಈ ಇಂಜೆಕ್ಷನ್ ಹುಚ್ಚು ಹಬ್ಬಿದ್ದು 1990ರ ಒಂದು ಪುಟ್ಟ ಅಧ್ಯಯನದಿಂದ. ಅಮೆರಿಕದ ವೈದ್ಯ ಡೇನಿಯಲ್ ರಡ್‌ಮನ್ ಮತ್ತು ಜೊತೆಗಾರರು 60 ದಾಟಿದ 12 ಗಂಡಸರಿಗೆ ಆರು ತಿಂಗಳು ಈ ಹಾರ್ಮೋನ್ ಕೊಟ್ಟರು. ಕೊಬ್ಬು ಶೇ 14ರಷ್ಟು ಇಳಿಯಿತು, ಕೊಬ್ಬಲ್ಲದ ತೂಕ ಶೇ 9ರ ಹತ್ತಿರ ಏರಿತು. ಬರೀ 12 ಜನ, ನೋಡಿ! ಮಾರುವವರಿಗೆ ಅಷ್ಟು ಸಾಕಾಯಿತು. ಆಮೇಲೆ ಬೇರೆಯವರು ವಯಸ್ಸಾದವರ ಬಲವನ್ನೂ ಅಳೆದು ನೋಡಿದರು. ತೂಕ ಕೂಡಿತ್ತು, ಬಲ ಕೂಡಿರಲಿಲ್ಲ. ಯಾಕೆಂದರೆ ಹೀಗೆ ಏರುವ ತೂಕದಲ್ಲಿ ಒಂದು ಪಾಲು ಮೈಯಲ್ಲಿ ನಿಂತ ನೀರು.

ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಕಾಲು ಊದಿಕೊಳ್ಳುವುದು, ಕೀಲು ನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವುದು, ಗಂಡಸರಿಗೆ ಎದೆ ದಪ್ಪವಾಗುವುದು, ರಕ್ತದ ಸಕ್ಕರೆ ಏರುವುದು, ಇವೆಲ್ಲ ಆ ವಯಸ್ಸಿನವರಲ್ಲಿ ಚೆನ್ನಾಗಿಯೇ ಕಂಡುಬಂದಿವೆ. ಕ್ಯಾನ್ಸರ್ ಇರುವವರಿಗಂತೂ ಕೊಡುವಂತೆಯೇ ಇಲ್ಲ, ಕೋಶಗಳನ್ನು ಬೆಳೆಸುವುದೇ ಇದರ ಕೆಲಸ ತಾನೇ. ಇನ್ನೊಂದು ತಮಾಷೆ ಕೇಳಿ. ಪ್ರಯೋಗಾಲಯದಲ್ಲಿ ಗ್ರೋತ್ ಹಾರ್ಮೋನ್ ಕೆಲಸವೇ ಮಾಡದ ಇಲಿಗಳಿವೆ, ಅವು ಕುಳ್ಳಗಿರುತ್ತವೆ, ಆದರೆ ಉಳಿದ ಇಲಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ. ಆಯಸ್ಸಿಗಾಗಿ ಇದನ್ನು ಚುಚ್ಚಿಸಿಕೊಳ್ಳುವವರು ಇದಕ್ಕೆ ಏನು ಹೇಳುತ್ತಾರೋ!

ಪಿಟ್ಯುಟರಿಯಲ್ಲಿ ಗಡ್ಡೆ, ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಹಾರ್ಮೋನ್ ನಿಜವಾಗಿ ಬತ್ತಿದವರ ಮಾತು ಬೇರೆ. ಅವರಿಗೆ ಇದು ಒಳ್ಳೆಯ ಔಷಧಿ. ಅದನ್ನು ತಿಳಿಯಲು ಯಾವಾಗಲೋ ಒಮ್ಮೆ ರಕ್ತ ಕೊಟ್ಟರೆ ಸಾಲದು, ಔಷಧಿ ಕೊಟ್ಟು ಗ್ರಂಥಿಯನ್ನು ಕೆಣಕಿ ಅಳೆಯುವ ಪರೀಕ್ಷೆ ಬೇಕು. ನೀವು ಮೊದಲು ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ, ನಿದ್ದೆಯಲ್ಲಿ ಜೋರಾಗಿ ಗೊರಕೆ ಇದ್ದರೆ ಅದನ್ನೂ ಹೇಳಿ. ತೋಳು ಗಟ್ಟಿಯಾಗಬೇಕಾ? ಭಾರ ಎತ್ತಿ. 58 ಏನೂ ತಡ ಅಲ್ಲ.

ಪ್ರಶ್ನೆ: 51 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷ. ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ, ರಾತ್ರಿ ನಿದ್ದೆಯಿಲ್ಲ. ಹಾರ್ಮೋನ್ ಮಾತ್ರೆ ಕೇಳಿದರೆ ಅಕ್ಕ ಕ್ಯಾನ್ಸರ್ ಬರುತ್ತೆ ಅಂತ ಹೆದರಿಸುತ್ತಾಳೆ.

ಉತ್ತರ: ಮೇಲಿನ ಉತ್ತರ ಓದಿ ನಿಮಗೂ ಬೇಡ ಅಂದುಕೊಳ್ಳಬೇಡಿ ಅಮ್ಮಾ, ಇದು ಬೇರೆಯೇ ವಿಷಯ. ಮೈ ಬಿಸಿಯಾಗಿ ಬೆವರುವುದಕ್ಕೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್‌ನಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಇನ್ನೊಂದಿಲ್ಲ. ಅಕ್ಕನ ಭಯ 2002ರ ಅಮೆರಿಕದ ದೊಡ್ಡ ಅಧ್ಯಯನದ್ದು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬಗೆಯ ಇನ್ನೊಂದು ಹೆಣ್ಣು ಹಾರ್ಮೋನ್ ಸೇರಿದ ಮಾತ್ರೆ ತಗೊಂಡವರಲ್ಲಿ ವರ್ಷಕ್ಕೆ ಹತ್ತು ಸಾವಿರ ಮಂದಿಗೆ ಸುಮಾರು 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡವು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. 60ರ ಒಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಹೆಚ್ಚು ಅಂತ ಈಗ ವೈದ್ಯರು ಒಪ್ಪುತ್ತಾರೆ. ಗರ್ಭಕೋಶ ಇದ್ದರೆ ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಾರಣ ತಿಳಿಯದೆ ರಕ್ತಸ್ರಾವ ಆಗುತ್ತಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಇದ್ಯಾವುದೂ ಇಲ್ಲದಿದ್ದರೆ ಸುಮ್ನೆ ನರಳಬೇಡಿ, ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಗ್ಗೆಯೂ ಕೇಳಿ, ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಅದರಲ್ಲಿ ಕಡಿಮೆ.

ಪ್ರಶ್ನೆ: ಗ್ರೋತ್ ಹಾರ್ಮೋನ್ ಸ್ಪ್ರೇ, ಮಾತ್ರೆ ಆನ್‌ಲೈನ್‌ನಲ್ಲಿ ಸಿಗುತ್ತೆ. ಚುಚ್ಚುವ ತಾಪತ್ರಯವಿಲ್ಲ, ತಗೋಬಹುದಾ?

ಉತ್ತರ: ಅದು 191 ಅಮೈನೋ ಆಮ್ಲಗಳ ಪ್ರೋಟೀನ್. ನುಂಗಿದರೆ ಹೊಟ್ಟೆ ಅದನ್ನು ಊಟದ ಹಾಗೇ ಜೀರ್ಣ ಮಾಡಿಬಿಡುತ್ತದೆ. ದುಡ್ಡು ಹೋಗುತ್ತೆ, ಅಷ್ಟೇ.