ಅಂಗಸಾಧನೆ ಪ್ರಶ್ನೋತ್ತರ: ಪೋಲ್ ಡಾನ್ಸ್ ಕಲಿಯುವವರಿಗೆ

ನೆಟ್ಟಗೆ ನಿಲ್ಲಿಸಿದ ಲೋಹದ ಕಂಬವನ್ನು ಹಿಡಿದು ಸುತ್ತುವ, ಏರುವ, ಭಂಗಿಗಳನ್ನು ಮಾಡುವ ಕಸರತ್ತಾದ ಪೋಲ್ ಡಾನ್ಸ್ ಕುರಿತು ಮೈಸೂರು ಮತ್ತು ಮಂಡ್ಯದ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನಾನು 31 ವರ್ಷದ ಬ್ಯಾಂಕ್ ಉದ್ಯೋಗಿ. ಕೆಲವು ವರ್ಷಗಳಿಂದ ಬೆಳಗಿನ ಯೋಗಾಸನ ತಪ್ಪಿಸಿಲ್ಲ. ಪೋಲ್ ಡಾನ್ಸ್ ಕಲಿಯುವ ಆಸೆಯಿದೆ, ಆದರೆ ನಮ್ಮ ಮನೆಯ ಸುತ್ತಮುತ್ತ ಕಲಿಸುವವರು ಸಿಕ್ಕಿಲ್ಲ. ನಮ್ಮ ಬಾಲ್ಕನಿಗೆ ಸ್ಟೀಲ್ ಕಂಬಿ ಹಾಕಿದ ವೆಲ್ಡಿಂಗ್‌ನವರಿಂದಲೇ ಹಾಲ್‌ನಲ್ಲಿ ಒಂದು ಪೈಪ್ ನಿಲ್ಲಿಸಿಕೊಂಡು, ವಿಡಿಯೊ ನೋಡಿ ಕಲಿಯಬಹುದಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಇದು ಸರಿಯೇ? ತಲೆಕೆಳಗಾಗುವ ಭಂಗಿಗೆ ಎಷ್ಟು ದಿನದ ಅಭ್ಯಾಸ ಬೇಕು?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಪೈಪಿನ ಯೋಚನೆಯನ್ನು ಇಂದೇ ಕೈಬಿಡಿ. ಬಾಲ್ಕನಿಯ ಕಂಬಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಪೈಪು ತೆಳುವಾದದ್ದು. ಅದರ ಮೇಲೆ ಕೈಯೂರಿ ನಿಂತವರ ಭಾರವನ್ನು ಅದು ತಡೆದೀತೇ ಹೊರತು, ಒಬ್ಬ ವ್ಯಕ್ತಿ ಅದನ್ನು ಹಿಡಿದು ಮೈಯನ್ನು ಹೊರಕ್ಕೆ ಚಾಚಿ ಸುತ್ತಿದಾಗ ಪಕ್ಕಕ್ಕೆ ಬೀಳುವ ಎಳೆತಕ್ಕೆ ನಡುವಿನಲ್ಲಿ ಬಾಗಬಹುದು ಅಥವಾ ಬೆಸುಗೆಯ ಬಳಿ ಕಿತ್ತು ಬರಬಹುದು. ಇದಕ್ಕೆಂದೇ ತಯಾರಾಗುವ ಕಂಬಗಳು ಸಾಮಾನ್ಯವಾಗಿ 45 ಮಿಲಿಮೀಟರ್ ವ್ಯಾಸದವು. 50 ಮಿಲಿಮೀಟರಿನವೂ, ಸಣ್ಣ ಅಂಗೈಯವರಿಗೆ 40 ಮಿಲಿಮೀಟರಿನವೂ ದೊರೆಯುತ್ತವೆ. ಕ್ರೋಮ್ ಲೇಪನ, ಸ್ಟೇನ್‌ಲೆಸ್ ಸ್ಟೀಲ್, ಹಿತ್ತಾಳೆ ಹೀಗೆ ಮೇಲ್ಮೈಗಳು ಬೇರೆಬೇರೆಯಾಗಿದ್ದು, ಬೆವರುವ ಕೈಗಳಿಗೆ ಹಿತ್ತಾಳೆ ಹೆಚ್ಚು ಹಿಡಿತ ಕೊಡುತ್ತದೆಂಬುದು ಅಭ್ಯಾಸಿಗಳ ಅನುಭವ. ಬಹಳಷ್ಟು ಕಂಬಗಳನ್ನು ಅಲುಗದಂತೆ ಬಿಗಿದೂ ಬಳಸಬಹುದು, ತನ್ನಷ್ಟಕ್ಕೆ ತಿರುಗುವಂತೆ ಸಡಿಲಿಸಿಯೂ ಬಳಸಬಹುದು. ಹೊಸಬರು ಬಿಗಿದ ಕಂಬದಲ್ಲೇ ಆರಂಭಿಸಬೇಕು.

ಒಳ್ಳೆಯ ಕಂಬ ತಂದರೂ ಅದನ್ನು ಹೊರುವುದು ನಿಮ್ಮ ಮನೆಯ ಸೂರು ಎಂಬುದನ್ನು ಮರೆಯಬಾರದು. ನೆಲಕ್ಕೂ ಸೂರಿಗೂ ನಡುವೆ ಒತ್ತಡದಿಂದ ನಿಲ್ಲುವ ಕಂಬಕ್ಕೆ ಗಟ್ಟಿಯಾದ ಆರ್‌ಸಿಸಿ ಸೂರು ಬೇಕು, ಸಾಧ್ಯವಾದರೆ ತೊಲೆಯ ಅಡಿಯ ಜಾಗ ಬೇಕು. ಅಲಂಕಾರಕ್ಕೆ ಹಾಕಿಸಿದ ಫಾಲ್ಸ್ ಸೀಲಿಂಗ್‌ಗೆ ಕಂಬವನ್ನು ಒತ್ತಿ ನಿಲ್ಲಿಸುವಂತಿಲ್ಲ. ಲಕ್ಷ್ಮೀಪುರ, ಅಗ್ರಹಾರದಂತಹ ಹಳೆಯ ಬಡಾವಣೆಗಳಲ್ಲಿ ಉಳಿದಿರುವ ಮಂಗಳೂರು ಹೆಂಚಿನ ಮತ್ತು ಮದ್ರಾಸ್ ತಾರಸಿಯ ಮನೆಗಳಿಗೂ ಇದು ಹೊಂದುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಗೆ ತಿಳಿಸಿಯೇ ನಿಲ್ಲಿಸಿ. ಕಂಬದ ಸುತ್ತ ಎಲ್ಲ ದಿಕ್ಕಿಗೂ ಐದಾರು ಅಡಿ ಖಾಲಿ ಇರಬೇಕು. ನಮ್ಮ ಮನೆಗಳಲ್ಲಿ ಅಷ್ಟು ತೆರಪಿರುವುದು ಹಾಲ್‌ನ ನಟ್ಟನಡುವೆ, ಅಲ್ಲಿಯೇ ಫ್ಯಾನ್ ಇರುತ್ತದೆ! ಹೊಂದಾಣಿಕೆ ಮಾಡಿಕೊಳ್ಳಲು ಹೋಗಬೇಡಿ. ಫ್ಯಾನ್ ತೆಗೆಸಲಾಗದಿದ್ದರೆ ಕಂಬವನ್ನು ಬೇರೆ ಕೋಣೆಯಲ್ಲಿ ನಿಲ್ಲಿಸಿ. ರಸಮಟ್ಟವಿಟ್ಟು ನೆಟ್ಟಗೆ ನಿಂತಿದೆಯೆಂದು ಖಚಿತಪಡಿಸಿಕೊಳ್ಳುವುದು ಮತ್ತು ಪ್ರತಿ ಅಭ್ಯಾಸದ ಮೊದಲು ಬಿಗಿತವನ್ನು ಕೈಯಿಂದ ಅಲುಗಾಡಿಸಿ ನೋಡುವುದು ನಿಮ್ಮ ದಿನಚರಿಯಾಗಬೇಕು.

ಆದರೆ ಕಂಬ ಕೊಳ್ಳುವ ಕಾಲ ನಿಮಗೆ ಇನ್ನೂ ಬಂದಿಲ್ಲವೆಂದು ನನ್ನ ಅಭಿಪ್ರಾಯ. ನೀವು ಯೋಗಾಭ್ಯಾಸಿ ಎಂದು ಬರೆದಿದ್ದೀರಿ. 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದ ಪರಂಪರೆ ಇಂದು ಗೋಕುಲಂನ ಶಾಲೆಗಳವರೆಗೆ ಹರಡಿದೆ, ಅದರಿಂದ ಬಂದವರಲ್ಲಿ ಮೈಯ ಬಾಗುವಿಕೆ, ಉಸಿರಿನ ಹದ, ತೋಳಿನ ಬಲ ಮೂರೂ ಇರುತ್ತವೆ. ಆದರೂ ಅವರಲ್ಲೊಂದು ಕೊರತೆ ಉಳಿಯುತ್ತದೆ. ಸೂರ್ಯನಮಸ್ಕಾರದಲ್ಲಾಗಲಿ, ಕೈಯ ಮೇಲೆ ನಿಲ್ಲುವ ಆಸನಗಳಲ್ಲಾಗಲಿ ಅಂಗೈ ನೆಲವನ್ನು ಒತ್ತುತ್ತದೆಯೇ ಹೊರತು ಯಾವುದನ್ನೂ ತನ್ನೆಡೆಗೆ ಎಳೆಯುವುದಿಲ್ಲ, ಇಡೀ ದೇಹದ ಭಾರವನ್ನು ಬೆರಳುಗಳ ಹಿಡಿತದಿಂದ ತೂಗುವುದೂ ಇಲ್ಲ. ಕಂಬವೇರಲು ಬೇಕಾಗುವುದು ಮುಖ್ಯವಾಗಿ ಈ ಎಳೆಯುವ ಬಲವೇ. ಚಾಮುಂಡಿ ಬೆಟ್ಟದ ಮೆಟ್ಟಿಲು ದಿನವೂ ಹತ್ತುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕಾಲಿಗೂ ಉಸಿರಿಗೂ ಅದು ಬಹಳ ಒಳ್ಳೆಯದು, ಹೆಗಲಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಹೀಗಾಗಿ ಮೊದಲ ಎರಡು ತಿಂಗಳು ಒಂದು ಅಡ್ಡಕಂಬಿ ಸಾಕು. ಉದ್ಯಾನಗಳ ತೆರೆದ ವ್ಯಾಯಾಮ ತಾಣಗಳಲ್ಲಿ ಇಂತಹ ಕಂಬಿ ಸಿಗುತ್ತದೆ. ವಾರಕ್ಕೆ ಮೂರು ದಿನ, ಎರಡೂ ಕೈಯಿಂದ ಕಂಬಿ ಹಿಡಿದು ಸುಮ್ಮನೆ ನೇತಾಡುವುದನ್ನು ಅಭ್ಯಾಸ ಮಾಡಿ. ಹತ್ತು ಸೆಕೆಂಡಿನಿಂದ ಆರಂಭಿಸಿ ಮೂವತ್ತಕ್ಕೆ ಏರಿಸಿ. ನೇತಾಡುವಾಗ ಹೆಗಲು ಕಿವಿಯ ಕಡೆಗೆ ಏರಿಬಿಡುತ್ತದೆ. ಮೊಣಕೈ ಮಡಿಸದೆ, ಬೆನ್ನಿನ ಹೆಗಲೆಲುಬುಗಳನ್ನು ಕೆಳಕ್ಕೆ ಎಳೆದು ಕುತ್ತಿಗೆ ಉದ್ದವಾಗುವಂತೆ ಮಾಡಿ, ಮತ್ತೆ ಸಡಿಲಿಸಿ. ನೋಡುವವರಿಗೆ ಏನೂ ನಡೆದಂತೆ ಕಾಣದ ಈ ಚಲನೆಯೇ ಮುಂದೆ ಕಂಬದ ಮೇಲಿನ ಪ್ರತಿಯೊಂದು ಹಿಡಿತಕ್ಕೂ ಬುನಾದಿ, ಏಕೆಂದರೆ ಹೆಗಲು ಸಡಿಲವಿದ್ದಾಗ ದೇಹದ ಭಾರವೆಲ್ಲ ಸ್ನಾಯುಗಳನ್ನು ಬಿಟ್ಟು ಕೀಲಿನ ಸಂದಿಯ ಮೇಲೆ, ಅಲ್ಲಿ ಎಲುಬುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಕಂಬದ ಮೇಲೆ ಹೆಗಲು ಕೆಡಿಸಿಕೊಂಡವರಲ್ಲಿ ಅನೇಕರು ಈ ಪಾಠವನ್ನು ಬೇಸರವೆಂದು ದಾಟಿ ಹೋದವರೇ. ಇದರ ನಂತರ ಸ್ಟೂಲಿನ ಮೇಲೆ ನಿಂತು ಗಲ್ಲ ಕಂಬಿಯ ಮಟ್ಟಕ್ಕೆ ಬರುವಂತೆ ಹಿಡಿದು, ಐದಾರು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಕೆಳಗಿಳಿಯುವುದನ್ನು ಸೇರಿಸಿಕೊಳ್ಳಿ. ಜೊತೆಗೆ ದಂಡ, ಬಸ್ಕಿ, ಕಿಬ್ಬೊಟ್ಟೆಗೆ ಮಲಗಿ ಕಾಲೆತ್ತುವ ವ್ಯಾಯಾಮ, ಮಣಿಕಟ್ಟನ್ನು ಎಲ್ಲ ದಿಕ್ಕಿಗೂ ಸಡಿಲಿಸುವುದು ಇರಲಿ.

ಕಂಬದ ಬಳಿ ಬಂದ ಮೇಲೆ ಮೊದಲ ಪಾಠಗಳು ಕಂಬ ಹಿಡಿದು ಸುತ್ತ ನಡೆಯುವುದು, ಫೈರ್‌ಮ್ಯಾನ್ ಸ್ಪಿನ್ ಎಂಬ ಸರಳ ಸುತ್ತು, ತೊಡೆಗಳ ನಡುವೆ ಕಂಬವನ್ನು ಬಿಗಿದು ಕೂರುವುದು ಮತ್ತು ಏರುವುದು. ಪ್ರತಿಯೊಂದನ್ನೂ ಬಲಕ್ಕೂ ಎಡಕ್ಕೂ ಸಮನಾಗಿ ಮಾಡಬೇಕು. ಸಲೀಸಾದ ಬದಿಯಲ್ಲಷ್ಟೇ ಮಾಡುತ್ತಾ ಹೋದರೆ ಆರು ತಿಂಗಳಲ್ಲಿ ಒಂದು ಹೆಗಲು ಮತ್ತೊಂದಕ್ಕಿಂತ ಬಲಿತು ಬೆನ್ನಿನ ನೋವಿಗೆ ದಾರಿಯಾಗುತ್ತದೆ. ಏರುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಸಮಯ ಕೊಡಿ. ಯಾವ ಎತ್ತರದಿಂದ, ಯಾವ ಭಂಗಿಯಿಂದ ಜಾರದೆ, ಧುಮುಕದೆ, ಹಿಡಿತ ಬಿಡದೆ ನೆಲ ಮುಟ್ಟಲು ಬರುತ್ತದೆಯೋ ಅಲ್ಲಿಗೆ ಮಾತ್ರ ನಿಮ್ಮ ಪಾಠ ಮುಗಿದಿದೆ ಎಂದು ತಿಳಿಯಿರಿ. ಕೆಳಗೆ ದಪ್ಪ ಗಾದಿ ಹಾಸಿಕೊಳ್ಳಬೇಕು, ಆದರೆ ಕತ್ತಿನ ಮೇಲೆ ಬಿದ್ದವರನ್ನು ಗಾದಿ ಪೂರ್ತಿಯಾಗಿ ಕಾಯಲಾರದು.

ತಲೆಕೆಳಗಾಗುವುದಕ್ಕೆ ಎಷ್ಟು ದಿನವೆಂದು ಕೇಳಿದ್ದೀರಿ. ದಿನಗಳ ಲೆಕ್ಕ ಇದಕ್ಕೆ ಹೊಂದದು. ಕಂಬದ ತುದಿಯವರೆಗೆ ಸತತವಾಗಿ ಮೂರು ಬಾರಿ ಏರಿ ಹತೋಟಿಯಲ್ಲಿ ಇಳಿಯಬಲ್ಲಿರಾ? ಕಂಬದ ಪಕ್ಕ ನಿಂತು, ಜಿಗಿಯದೆ, ಮೊಣಕಾಲುಗಳನ್ನು ಎದೆಯತ್ತ ಎತ್ತಿ ಕೆಲವು ಸೆಕೆಂಡು ಹಾಗೆಯೇ ಇರಬಲ್ಲಿರಾ? ಎರಡಕ್ಕೂ ಹೌದೆನ್ನುವವರೆಗೆ ಆ ಭಂಗಿ ಬೇಡ. ಕಾಲನ್ನು ಝಾಡಿಸಿ ಮೇಲಕ್ಕೆಸೆದು ತಲೆಕೆಳಗಾಗುವವರ ವಿಡಿಯೊಗಳು ಬಹಳ ಇವೆ; ಬಲದ ಕೊರತೆಯನ್ನು ವೇಗದಿಂದ ಮುಚ್ಚುವ ಆ ರೀತಿಯನ್ನು ಅನುಸರಿಸಬೇಡಿ. ವಿಡಿಯೊಗೆ ನಿಮ್ಮ ಹೆಗಲು ಕಾಣುವುದಿಲ್ಲ, ತಪ್ಪಿದಾಗ ಸೊಂಟಕ್ಕೆ ಕೈಯೊಡ್ಡಲೂ ಅದಕ್ಕೆ ಆಗದು. ಬೆಂಗಳೂರಿನಲ್ಲಿ ತರಗತಿಗಳಿವೆ. ತಿಂಗಳಿಗೊಂದು ಭಾನುವಾರ ರೈಲಿನಲ್ಲಿ ಹೋಗಿ, ಒಬ್ಬ ಶಿಕ್ಷಕರ ಎದುರು ತಪ್ಪುಗಳನ್ನು ತಿದ್ದಿಸಿಕೊಂಡು ಬಂದು, ಉಳಿದ ದಿನಗಳಲ್ಲಿ ಅದನ್ನೇ ಮನೆಯಲ್ಲಿ ರೂಢಿಸುವುದು ನಿಮಗೆ ಹೊಂದುವ ಕ್ರಮ. ಮೊದಲ ತಲೆಕೆಳಗು ಶಿಕ್ಷಕರ ಕೈಯಾಸರೆಯಲ್ಲೇ ಆಗಲಿ. ಮನೆಯಲ್ಲಿ ಒಬ್ಬರೇ ಇರುವಾಗ ನೆಲ ಬಿಟ್ಟು ಮೇಲೇರುವ ಯಾವುದೂ ಬೇಡ, ಯಜಮಾನರನ್ನು ಆ ಹೊತ್ತಿಗೆ ಜೊತೆಯಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಈಗ ಪೋಲ್ ಡಾನ್ಸ್ ತರಗತಿಗೆ ಸೇರಿದ್ದಾಳೆ. ಹಬ್ಬಕ್ಕೆ ಬಂದಾಗ ತೊಡೆ, ಮೊಣಕಾಲಿನ ಹಿಂದೆಲ್ಲ ನೀಲಿ ಕಲೆ ಕಂಡು ಗಾಬರಿಯಾಯಿತು. ಆ ತುಂಡು ಬಟ್ಟೆ ಏಕೆ ಬೇಕೆಂದು ಕೇಳಿದರೆ ಬೇಕೇ ಬೇಕು ಎನ್ನುತ್ತಾಳೆ. ನೆಂಟರ ಬಾಯಿಗೆ ಬೀಳುವ ಭಯ ನನಗೆ. ಏನು ಹೇಳಲಿ?
— ತಾಯಿಯೊಬ್ಬರು, ಮಂಡ್ಯ

ಉತ್ತರ: ಬಟ್ಟೆಯ ವಿಷಯದಲ್ಲಿ ನಿಮ್ಮ ಮಗಳು ಹೇಳಿದ್ದು ನಿಜ. ನುಣುಪಾದ ಲೋಹದ ಕಂಬವನ್ನು ಹಿಡಿಯುವುದು ಚರ್ಮ. ತೊಡೆ, ಮೊಣಕಾಲಿನ ಸಂದು, ಪಕ್ಕೆ, ಕಂಕುಳು ಇವುಗಳಿಗೆ ಬಟ್ಟೆ ಅಡ್ಡ ಬಂದರೆ ಮೈ ಜಾರಿ ನೇರವಾಗಿ ಕೆಳಗೆ ಬೀಳುತ್ತದೆ. ಪಾಠದ ಆರಂಭದಲ್ಲಿ, ನೆಲದ ಮೇಲಿನ ವ್ಯಾಯಾಮಕ್ಕೆ ಮೈತುಂಬ ಬಟ್ಟೆಯೇ ಇರಬಹುದು, ಏರುವ ಹೊತ್ತಿಗೆ ಚಡ್ಡಿ ಬೇಕೇ ಬೇಕು. ಈ ಕಲೆ ಪಾಶ್ಚಾತ್ಯ ದೇಶಗಳ ನೈಟ್ ಕ್ಲಬ್‌ಗಳಲ್ಲಿ ಬೆಳೆದದ್ದು ಸುಳ್ಳಲ್ಲ, ಅದನ್ನು ಮರೆಮಾಚುವ ಅಗತ್ಯವೂ ಇಲ್ಲ. ಇಂದು ಅದಕ್ಕೆ ಸ್ಪರ್ಧೆಯ ರೂಪವೂ ಬಂದಿದೆ: 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಒಕ್ಕೂಟ ಸ್ಥಾಪನೆಯಾಗಿ, 2017ರಲ್ಲಿ ಅದಕ್ಕೆ ಜಾಗತಿಕ ಕ್ರೀಡಾ ಒಕ್ಕೂಟಗಳ ಮಹಾಸಂಘದಿಂದ ವೀಕ್ಷಕ ಸದಸ್ಯತ್ವ ದೊರೆಯಿತು. ನೆಂಟರಿಗೆ ಇದನ್ನೆಲ್ಲ ವಿವರಿಸಬೇಕೆಂದೇನೂ ಇಲ್ಲ. ದುಡಿಯುವ ಮಗಳು ತನ್ನ ಸಂಜೆಯನ್ನು ಹೇಗೆ ಕಳೆಯುತ್ತಾಳೆಂಬುದು ಅವರ ವಿಚಾರಣೆಗೆ ಸೇರಿದ್ದಲ್ಲ.

ನೀಲಿ ಕಲೆಯ ಬಗ್ಗೆ ಗಾಬರಿಯಾಗಬೇಡಿ. ಒಳತೊಡೆ, ಮೊಣಕಾಲಿನ ಹಿಂಬದಿ, ಪಾದದ ಮೇಲ್ಭಾಗ ಇವು ಕಂಬಕ್ಕೆ ಒತ್ತುವ ಜಾಗಗಳು, ಹೊಸದರಲ್ಲಿ ಅಲ್ಲಿ ಮೂಗೇಟಿನಂತಹ ಕಲೆ ಬರುವುದು ಸಹಜ, ಚರ್ಮ ಪಳಗಿದಂತೆ ಕಡಿಮೆಯಾಗುತ್ತದೆ. ಕೀಲಿನ ಊತ, ರಾತ್ರಿ ನಿದ್ದೆ ಕೆಡಿಸುವ ಹೆಗಲು ನೋವು, ಬೆರಳುಗಳ ಜೋಮು ಕಂಡರೆ ಮಾತ್ರ ಅಭ್ಯಾಸ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಮೈಯಲ್ಲಿ ಏಟೇ ಬೀಳದೆ ಎಲ್ಲೆಂದರಲ್ಲಿ ಕಲೆ ಮೂಡುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅವಳನ್ನು ನೀವು ಕೇಳಬೇಕಾದದ್ದು ಬೇರೆಯೇ ಇದೆ: ಒಂದು ಕಂಬಕ್ಕೆ ಎಷ್ಟು ಜನ ಸರದಿ ನಿಲ್ಲುತ್ತಾರೆ, ಹೊಸಬರು ತಲೆಕೆಳಗಾಗುವಾಗ ಶಿಕ್ಷಕರು ಪಕ್ಕದಲ್ಲಿ ನಿಂತು ಹಿಡಿಯುತ್ತಾರೆಯೇ, ಹಾಗೆ ಮೈ ಮುಟ್ಟುವ ಮೊದಲು ಒಪ್ಪಿಗೆ ಕೇಳುತ್ತಾರೆಯೇ, ತರಗತಿಯ ವಿಡಿಯೊವನ್ನು ಅವಳ ಅನುಮತಿಯಿಲ್ಲದೆ ಜಾಲತಾಣಗಳಲ್ಲಿ ಹಾಕುತ್ತಾರೆಯೇ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ತರಗತಿ ಬದಲಿಸಲು ಹೇಳಿ.

ಪ್ರಶ್ನೆ: ಶಾಲೆಯಲ್ಲಿದ್ದಾಗ ಮಲ್ಲಕಂಬ ಮಾಡಿದ್ದೆ, ಈಗಲೂ ಗರಡಿಗೆ ಹೋಗುತ್ತೇನೆ. ವಯಸ್ಸು 38, ತೂಕ 84 ಕಿಲೊ. ಪೋಲ್‌ನಲ್ಲಿ ನೇರವಾಗಿ ಮುಂದಿನ ಹಂತದ ಭಂಗಿಗಳಿಂದ ಆರಂಭಿಸಬಹುದೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ನೀವು ಬೇಗ ಮುಂದೆ ಹೋಗುವಿರಿ, ಆದರೆ ಆರಂಭ ಮಾತ್ರ ಎಲ್ಲರ ಜೊತೆಯಲ್ಲೇ ಆಗಬೇಕು. ಮಲ್ಲರ ಕಂಬದ ಕಸರತ್ತಿನ ಉಲ್ಲೇಖ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೇ ಇದೆ, ಕನ್ನಡ ನೆಲದ ಅರಸನ ಗ್ರಂಥವೆಂಬುದು ನಮಗೆ ಹೆಮ್ಮೆ. ಇಂದಿನ ರೂಪ ಅದಕ್ಕೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಪೇಶ್ವೆಯ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರಿಂದ. ಆದರೆ ಹೋಲಿಕೆಗಿಂತ ವ್ಯತ್ಯಾಸವೇ ಅಭ್ಯಾಸಿಗೆ ಮುಖ್ಯ. ಮಲ್ಲಕಂಬ ಮರದ್ದು, ದಪ್ಪನೆಯದು, ಮೇಲೆ ಹೋದಂತೆ ಸಪೂರವಾಗುತ್ತದೆ, ಉಜ್ಜುವಿಕೆ ತಗ್ಗಲೆಂದು ಅದಕ್ಕೆ ಹರಳೆಣ್ಣೆ ಸವರುತ್ತಾರೆ. ಅದನ್ನು ತಬ್ಬಿ ತೊಡೆ ಮತ್ತು ತೋಳಿನಿಂದ ಹಿಡಿಯುತ್ತೀರಿ. ಲೋಹದ ಕಂಬ ಬೆರಳುಗಳು ಸುತ್ತಿಕೊಳ್ಳುವಷ್ಟು ತೆಳು, ಅದರಲ್ಲಿ ಉಜ್ಜುವಿಕೆಯೇ ಆಧಾರ. ಹೀಗಾಗಿ ನಿಮ್ಮ ತೊಡೆಗೆ ತಿಳಿದಿರುವುದು ನಿಮ್ಮ ಮುಂಗೈಗೆ ತಿಳಿದಿಲ್ಲ, ಅವಸರಿಸಿದರೆ ಮೊಣಕೈಯ ಒಳಬದಿಯ ಸ್ನಾಯುರಜ್ಜು ಮೊದಲು ನೋಯತೊಡಗುತ್ತದೆ, ಅದು ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ಮೈಯನ್ನು ಕಂಬದಿಂದ ದೂರ ತಳ್ಳುವ ಹಿಡಿತಗಳನ್ನು, ಅದರಲ್ಲೂ ಮೇಲಿನ ಕೈಯನ್ನು ತಿರುಚಿ ಹಿಡಿಯುವುದನ್ನು, ಮೊದಲ ಕೆಲವು ತಿಂಗಳು ಮುಟ್ಟಬೇಡಿ. ತಿರುಗುವ ಕಂಬದ ಮೇಲೆ ತಲೆಸುತ್ತು ಬರುವುದೂ ನಿಮಗೆ ಹೊಸತು.

ಗರಡಿಯಲ್ಲಿ ಎಣ್ಣೆ ತಿಕ್ಕಿಸಿಕೊಂಡ ದಿನ ಕಂಬದ ಹತ್ತಿರ ಸುಳಿಯಬೇಡಿ, ನಿಮಗೂ ಜಾರುತ್ತದೆ, ನಿಮ್ಮ ನಂತರ ಹಿಡಿಯುವವರಿಗೂ ಜಾರುತ್ತದೆ. ಕಂಬ ಕೊಳ್ಳುವುದಾದರೆ ತಯಾರಕರು ನಮೂದಿಸಿದ ತೂಕದ ಮಿತಿಯನ್ನು ನೋಡಿ ಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಕೈ ಬೆವರಿ ಜಾರುತ್ತದೆ, ಚಳಿಗಾಲದ ಬೆಳಗ್ಗೆಯೂ ಹಿಡಿತ ಸಿಗುವುದಿಲ್ಲ. ಪರಿಹಾರವಿದೆಯೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಏಪ್ರಿಲ್‌ನಲ್ಲಿ ಬೆಳಗ್ಗೆ ಏಳರೊಳಗೆ ಅಭ್ಯಾಸ ಮುಗಿಸಿ. ದ್ರವರೂಪದ ಚಾಕ್, ಅಂದರೆ ಸ್ಪಿರಿಟ್ಟಿನಲ್ಲಿ ಕಲಸಿದ ಮೆಗ್ನೀಸಿಯಂ ಕಾರ್ಬೊನೇಟ್, ಬೆವರುವ ಅಂಗೈಗೆ ಒಳ್ಳೆಯದು. ಮಕ್ಕಳ ಟಾಲ್ಕಂ ಪುಡಿ ಬೇಡ, ಅದು ಜಾರಿಸುತ್ತದೆ. ಡಿಸೆಂಬರ್‌ನಲ್ಲಿ ಲೋಹ ತಣ್ಣಗಿದ್ದು ಚರ್ಮ ಒಣಗಿರುತ್ತದೆ, ಆಗ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ಕಂಬವನ್ನೂ ಕೈಯಿಂದ ಉಜ್ಜಿ ಬೆಚ್ಚಗಾಗಿಸಿ ಹಿಡಿಯಿರಿ. ಮೈಗೆ ಹಚ್ಚುವ ಲೋಷನ್, ಕೊಬ್ಬರಿ ಎಣ್ಣೆ ಹಿಂದಿನ ರಾತ್ರಿಯಿಂದಲೇ ಬೇಡ. ಕಂಬವನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ, ಅದು ಆರಿದ ಮೇಲೆ ಏರಿ. ಉಂಗುರ, ಬಳೆ ತೆಗೆದಿಡಿ. ತಾಳಿಸರವನ್ನೂ ಬಿಚ್ಚಿಡುವುದು ಕ್ಷೇಮ. ಮನಸ್ಸು ಒಪ್ಪದವರು ಅದು ಕಂಬಕ್ಕೆ ಸಿಕ್ಕಿಕೊಳ್ಳುವ ಭಂಗಿಗಳನ್ನು ಬಿಡಬೇಕಾಗುತ್ತದೆ.

ಪ್ರಶ್ನೆ: 52 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಲಿಯಲು ತಡವಾಯಿತೇ?
— ಓದುಗರು, ಮದ್ದೂರು

ಉತ್ತರ: ವಯಸ್ಸು ಅಡ್ಡಿಯಲ್ಲ. ನಿಮ್ಮ ವೈದ್ಯರ ಒಪ್ಪಿಗೆ ಪಡೆದು, ನೇರವಾಗಿ ನಿಂತು ಮಾಡುವ ಸುತ್ತುಗಳನ್ನೂ ಕಂಬದ ಮೇಲೆ ಕೂರುವುದನ್ನೂ ಕಲಿಯಿರಿ, ಉಸಿರು ಬಿಗಿಹಿಡಿಯದೆ ಮಾಡಿ. ಒತ್ತಡ ಹತೋಟಿಯಲ್ಲಿದೆಯೆಂದು ವೈದ್ಯರು ಖಚಿತವಾಗಿ ಹೇಳುವವರೆಗೆ ತಲೆಕೆಳಗಾಗುವ ಭಂಗಿಗಳು ಬೇಡ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರಿಗೆ ಅವು ನಿಷಿದ್ಧವೆಂದೇ ತಿಳಿಯಿರಿ, ತಲೆ ಕೆಳಗಿದ್ದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನಿಮ್ಮ ವಯಸ್ಸಿನಲ್ಲಿ ಕಣ್ಣಿನ ಒತ್ತಡವನ್ನೂ ಒಮ್ಮೆ ಪರೀಕ್ಷಿಸಿಕೊಂಡೇ ತರಗತಿಗೆ ಸೇರಿ.