ಗುಂಡಿ ಒತ್ತಿದರೂ ಕರೆ ಹೋಗುತ್ತಿಲ್ಲ

ಪ್ರಶ್ನೆ: ಆಫೀಸ್ ಫೋನಿನ ಸ್ಪೀಡ್ ಡಯಲ್ ಗುಂಡಿಗೆ ಮ್ಯಾನೇಜರ್ ಮೊಬೈಲ್ ನಂಬರ್ ಹಾಕಿದ್ದೇನೆ. ಒತ್ತಿದರೆ ಕರೆ ಹೋಗುವುದಿಲ್ಲ. ಪೂರ್ತಿ ನಂಬರ್ ನಾವೇ ಒತ್ತಿದರೆ ಹೋಗುತ್ತದೆ. ಯಾಕೆ?

ಉತ್ತರ: ಬರೀ ಹತ್ತು ಅಂಕಿ ಹಾಕಿದ್ದೀರಿ, ಅಲ್ವಾ? ಹೊರಗಿನ ಲೈನ್ ಹಿಡಿಯಲು ನೀವು ಮೊದಲು 0 ಅಥವಾ 9 ಒತ್ತುತ್ತೀರಲ್ಲ, ಗುಂಡಿಗೂ ಅದನ್ನು ಹೇಳಿಕೊಡಬೇಕು, ಪಾಪ ಅದಕ್ಕೇನು ಗೊತ್ತು! ಆಮೇಲೆ ಒಂದು ಪಾಸ್ (pause, ಅಂದರೆ ಸ್ವಲ್ಪ ಹೊತ್ತಿನ ತಡೆ) ಹಾಕಿ, ಲೈನ್ ಸಿಗುವ ತನಕ ಕಾಯಲಿ. ಎಷ್ಟೋ ಫೋನ್‌ಗಳಲ್ಲಿ ರೀಡಯಲ್ ಗುಂಡಿಯೇ ಪಾಸ್. ನಂತರ ಇನ್ನೊಂದು 0, ಆಮೇಲೆ ಮೊಬೈಲ್ ನಂಬರ್. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಸೊನ್ನೆ ಸೇರಿಸಲೇಬೇಕು ಅನ್ನುವುದು 2021ರ ಜನವರಿ 15ರಿಂದ ಇರುವ ನಿಯಮ, ಅದಕ್ಕಿಂತ ಹಳೆಯ ಗುಂಡಿಗಳಿದ್ದರೆ ಅವನ್ನೂ ನೋಡಿ. ಕೊನೆಗೆ ಸ್ಟೋರ್ ಒತ್ತಿ. ಪಕ್ಕದ ಚೀಟಿಯಲ್ಲಿ ಹೆಸರು ಮಾತ್ರ ಪೆನ್ಸಿಲಿನಲ್ಲೇ ಬರೆಯಿರಿ, ಮ್ಯಾನೇಜರ್‌ಗಳು ಬದಲಾಗುತ್ತಿರುತ್ತಾರೆ.