ನೀರು ಎಷ್ಟು ಗಂಟೆಗೆ ತುಂಬಿದ್ದು?

ಒಂಬತ್ತನೇ ಕ್ಲಾಸು, ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಕಾಂಪೋಸ್ಟ್ ಮೇಲೆ ಪ್ರಾಜೆಕ್ಟು, ಜೊತೆಗೆ ಮುಗಿಯದ ಹೋಮ್‌ವರ್ಕು. "ಹೋಮ್‌ವರ್ಕ್ ಬೇಜಾರಾದಾಗ ಪ್ರಾಜೆಕ್ಟ್ ಮಾಡ್ತೀನಿ, ಅದೇ ನನ್ನ ಬ್ರೇಕು. ಬೇರೆ ಬ್ರೇಕ್ ಬೇಕಾ?" ಅಂತ ಕೇಳಿದ್ದೀಯ. ಓದಿ ನಗು ಬಂತು. 2016ರಲ್ಲಿ ಇದೇ ಮಾತನ್ನ ನಮ್ಮಮ್ಮನಿಗೆ ಹೇಳಿದವಳು ನಾನು. (ನಿನಗಿಂತ ಒಂದು ಹತ್ತು ವರ್ಷ ದೊಡ್ಡವಳು, ಅದಕ್ಕೇ ನೀನು ಅಂತಿದ್ದೀನಿ.)

ಆಗ ನಮ್ಮ ಮನೆ ಸಹಕಾರನಗರದಲ್ಲಿತ್ತು. ಅದೇ ಸಮಾವೇಶದ ಪ್ರಾಜೆಕ್ಟಿಗೆ ನಾನೂ ನನ್ನ ಗೆಳತಿಯೂ ಜಕ್ಕೂರು ಕೆರೆ ಹಿಡಿದುಕೊಂಡೆವು. ಆ ದಿನಗಳಲ್ಲಿ ಬೆಂಗಳೂರಿನ ಕೆರೆ ಅಂದ್ರೆ ಎಲ್ಲರಿಗೂ ಬೆಳ್ಳಂದೂರಿನ ನೊರೆಯೇ ನೆನಪಾಗುತ್ತಿತ್ತು. ಜಕ್ಕೂರಿನ ಕಥೆ ಬೇರೆ. ಅಲ್ಲಿ ಕೊಳಚೆ ನೀರನ್ನ ಘಟಕದಲ್ಲಿ ಸಂಸ್ಕರಿಸಿ, ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ನಮ್ಮ ಪ್ರಶ್ನೆ ಇಷ್ಟೇ: ಮಳೆಗಾಲ ಮುಂದುವರಿದ ಹಾಗೆ ನೀರಿನಲ್ಲಿ ಕರಗಿದ ಆಮ್ಲಜನಕ ಹೆಚ್ಚುತ್ತಾ? ಮೀನು ಬದುಕುವ ನೀರಿಗೆ ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ.

ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಕೆರೆ. ಗಾಳಿಗುಳ್ಳೆ ಸೇರದ ಹಾಗೆ ಬಾಟ್ಲಿ ಮುಳುಗಿಸಿ ತುಂಬಿ, ದಡದಲ್ಲೇ ಎರಡು ದ್ರಾವಣ ಹಾಕಬೇಕು. ಕಾಫಿ ಗಸಿಯ ಹಾಗೆ ಕಂದು ಬಣ್ಣದ್ದೇನೋ ತಳಕ್ಕೆ ಇಳಿಯುತ್ತೆ. ಮೇಷ್ಟ್ರು ಶಾಲೆಯ ಕಿಟ್ಟನ್ನ ಮನೆಗೇ ಕೊಟ್ಟಿದ್ದರು. ಬಾಲ್ಕನಿಯಲ್ಲಿ ಆಸಿಡ್ ಹಾಕೋದು ಅಪ್ಪನ ಕೆಲಸ, ಗ್ಲೌಸ್ ಹಾಕಿಕೊಂಡು. ಆಮೇಲೆ ಗಂಜಿಯ ದ್ರಾವಣ ಹಾಕಿದರೆ ಕಡುನೀಲಿ. ಥಯೋಸಲ್ಫೇಟ್ ಅನ್ನೋ ಇನ್ನೊಂದು ದ್ರಾವಣವನ್ನ ಹನಿ ಹನಿಯಾಗಿ ಬಿಡುತ್ತಾ ಹೋದರೆ ಒಂದೇ ಒಂದು ಹನಿಗೆ ನೀಲಿ ಮಾಯ. ಎಷ್ಟು ಹನಿ ಬೇಕಾಯ್ತೋ ಅದರಿಂದಲೇ ಆಮ್ಲಜನಕದ ಲೆಕ್ಕ. ಹನಿ ಎಣಿಸೋದು ನಾನು. ಆ ಕೊನೇ ಹನಿಯ ಖುಷಿಗೇ ನಾನು ಇವತ್ತು ಲ್ಯಾಬಿನಲ್ಲಿ ಕೆಲಸ ಮಾಡ್ತಿರೋದು ಅನ್ಸುತ್ತೆ.

ಜುಲೈ ತನಕ 3, 2.5, 3 ಹೀಗೆ ಬರ್ತಿತ್ತು. ಆಗಸ್ಟ್‌ನಿಂದ ಹೋಮ್‌ವರ್ಕ್ ಜಾಸ್ತಿಯಾಯ್ತು. ಶನಿವಾರ ರಾತ್ರಿ ಲೆಕ್ಕ ಮಾಡಿ ಮಾಡಿ ತಲೆ ಕೆಟ್ಟರೆ, ಬ್ರೇಕು ಅಂತ ಪ್ರಾಜೆಕ್ಟ್ ಪುಸ್ತಕ ತೆಗೆಯೋದು. ಗ್ರಾಫಿಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ, ಶೀರ್ಷಿಕೆಗೆ ನೆರಳು. ಮತ್ತೆ ಲೆಕ್ಕ. ಮಲಗೋದು ಒಂದು ಗಂಟೆಗೆ. ಬೆಳಿಗ್ಗೆ ಆರೂವರೆಗೆ ಎದ್ದವರುಂಟೇ? ಗೆಳತಿ ಒಂದೆರಡು ಸಲ ಗೇಟಿನ ಹತ್ತಿರ ಕಾದು ವಾಪಸ್ ಹೋದಳು. ಅಲ್ಲಿಂದ ಮುಂದೆ ಊಟ ಮುಗಿಸಿ, ಅಪ್ಪನ ಸ್ಕೂಟರಿನಲ್ಲಿ ಎರಡೂವರೆಗೆ ಹೋಗಿ ನೀರು ತುಂಬಿಸಿಕೊಂಡು ಬರ್ತಿದ್ದೆ. ಭಾನುವಾರ ತಾನೇ, ವಾರ ತಪ್ಪಿಲ್ಲವಲ್ಲ ಅಂತ ಸಮಾಧಾನ.

ಸಂಖ್ಯೆ ನೋಡು: 8, 9, 9.5. ನಾನು ಕುಣಿದಾಡಿದೆ. ಮಳೆ ಬಂತು, ಕೆರೆ ಶುದ್ಧವಾಯ್ತು! ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಅದನ್ನೇ ಬರೆದೆ.

ಜಿಲ್ಲಾ ಮಟ್ಟದಲ್ಲಿ ಒಬ್ಬರು ವಯಸ್ಸಾದ ತೀರ್ಪುಗಾರರು ಗ್ರಾಫನ್ನ ತುಂಬಾ ಹೊತ್ತು ನೋಡಿದರು.

"ಮರೀ, ನೀರು ಎಷ್ಟು ಗಂಟೆಗೆ ತುಂಬಿದ್ದು?"

"ಬೆಳಿಗ್ಗೆ, ಸರ್."

"ಎಲ್ಲಾ ವಾರಾನೂ?"

ಗೆಳತಿ ನನ್ನ ಮುಖ ನೋಡಿದಳು. ಪುಸ್ತಕ ತೆರೆದು ತೋರಿಸೋಣ ಅಂದ್ರೆ ಅದರಲ್ಲಿ ತಾರೀಖು ಮಾತ್ರ ಇತ್ತು. ಗಂಟೆಗೆ ಕಾಲಮ್ಮೇ ಇರಲಿಲ್ಲ. "ಆಮೇಲಾಮೇಲೆ ಮಧ್ಯಾಹ್ನ..." ಅಂದೆ. ಅವರು ಪೆನ್ನಿಗೆ ಕ್ಯಾಪ್ ಹಾಕಿದರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲೇ ನನಗೆ ಪೆಟ್ಟು ಬಿದ್ದಿದ್ದು. ಕೆರೆಯಲ್ಲಿ ಪಾಚಿ ಇರುತ್ತೆ. ಬಿಸಿಲಿದ್ದಷ್ಟು ಹೊತ್ತು ಅದು ಆಮ್ಲಜನಕ ಬಿಡುತ್ತಾ ಇರುತ್ತೆ. ರಾತ್ರಿ ಬಿಡೋದು ನಿಲ್ಲುತ್ತೆ, ಆದರೆ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುತ್ತಲೇ ಇರುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕಡಿಮೆ, ಮಧ್ಯಾಹ್ನ ಕಳೆಯುವ ಹೊತ್ತಿಗೆ ತೀರಾ ಜಾಸ್ತಿ. ಒಂದೇ ಕೆರೆ, ಒಂದೇ ದಿನ. ಬೆಂಗಳೂರಿನ ಎತ್ತರಕ್ಕೆ, 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಹೆಚ್ಚುಕಡಿಮೆ ಏಳೂವರೆ ಮಿಲಿಗ್ರಾಂ. ನನ್ನ 9.5 ಅದಕ್ಕಿಂತ ಮೇಲಿತ್ತು! ಪಾಚಿ ಜೋರಾಗಿದೆ ಅಂತ ಆ ಸಂಖ್ಯೆಯೇ ಕೂಗಿ ಹೇಳ್ತಿತ್ತು, ನಾನು ಅದನ್ನ ಶುದ್ಧ ನೀರು ಅಂತ ಓದಿದೆ. ಆ ಗ್ರಾಫಿನಲ್ಲಿ ಏರಿದ್ದು ನಾನು ಕೆರೆಗೆ ಹೋಗುವ ಹೊತ್ತು, ಅಷ್ಟೇ. ಮಳೆ ಏನು ಮಾಡ್ತೋ ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನವೇ ಹೋಗಿದ್ದರೂ ತಪ್ಪಿರಲಿಲ್ಲ, ಎಲ್ಲಾ ವಾರವೂ ಮಧ್ಯಾಹ್ನವೇ ಹೋಗಬೇಕಿತ್ತು. ಹೋಗಲಿ, ಗಂಟೆಯಾದರೂ ಬರೆದಿದ್ದರೆ ಅದೇ ಒಂದು ಪ್ರಾಜೆಕ್ಟಾಗ್ತಿತ್ತು: ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು. ರಾಜ್ಯಮಟ್ಟಕ್ಕೆ ಹೋಗಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಮನೆಯಲ್ಲಿ ಪ್ರಾಜೆಕ್ಟಿನ ಮಾತೇ ಎತ್ತಕೂಡದು ಅಂದರು. ಗೆಳತಿ ನನ್ನ ಜೊತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಈಗ ನಿನ್ನ ವಿಷಯ. ಪ್ರಾಜೆಕ್ಟೇ ಬ್ರೇಕು ಅನ್ನೋದು ಸುಳ್ಳು. ಸುಸ್ತಾದ ತಲೆಯಲ್ಲಿ ಮಾಡುವ ಪ್ರಾಜೆಕ್ಟ್ ಅಂದ್ರೆ ಚಾರ್ಟಿಗೆ ಬಣ್ಣ ಬಳಿಯೋದು, ನಾನು ಮಾಡಿದ ಹಾಗೆ. 25 ನಿಮಿಷ ಓದು, 5 ನಿಮಿಷ ಬ್ರೇಕು ಅನ್ನೋ ಟೈಮರ್ ಲೆಕ್ಕವನ್ನೂ ಕೇಳಿದ್ದೀಯ. ಆ 5 ನಿಮಿಷ ಮೊಬೈಲಿಗೆ ಹೋಗುತ್ತೆ, ನನಗೂ ಗೊತ್ತು, ನಿನಗೂ ಗೊತ್ತು. ಬ್ರೇಕು ಅಂದ್ರೆ ನನ್ನ ಪ್ರಕಾರ ನಿದ್ದೆ, ಇಲ್ಲಾ ಸುಮ್ನೆ ಬೀದಿಯಲ್ಲಿ ಶಟಲ್ ಆಡೋದು. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರೇ ಹೇಳ್ತಾರೆ. ರೀಡಿಂಗ್ ತೆಗೆಯುವ ಹಿಂದಿನ ರಾತ್ರಿ ಪುಸ್ತಕ ಮುಟ್ಟಬೇಡ. ಆ ಸಮಯವನ್ನ ಹೋಮ್‌ವರ್ಕಿನಿಂದಲೇ ಕಿತ್ತುಕೋ, ಬೇರೆ ಎಲ್ಲಿಂದಲೂ ಸಿಗಲ್ಲ. 2020ರ ಶಾಲಾ ಬ್ಯಾಗ್ ನೀತಿಯಲ್ಲಿ 9ರಿಂದ 12ನೇ ಕ್ಲಾಸಿಗೆ ದಿನಕ್ಕೆ ಹೆಚ್ಚೆಂದರೆ 2 ಗಂಟೆ ಹೋಮ್‌ವರ್ಕ್ ಅಂತಿದೆ. ನಮ್ಮ ಕಾಲಕ್ಕೆ ಇರಲಿಲ್ಲ. ಕ್ಲಾಸ್ ಟೀಚರ್ ಹತ್ತಿರ ಅಮ್ಮನನ್ನೂ ಕರ್ಕೊಂಡು ಹೋಗಿ ಮಾತಾಡು. ಬೈದರೆ ಬೈಸಿಕೋ. ದಸರಾ ರಜೆಯಲ್ಲಿ ಒಂದು ವಾರ ಅಜ್ಜಿ ಮನೆಗೆ ಹೋಗೋದಾದರೆ ಹೋಗು, ಆ ವಾರದ ಮುಂದೆ "ತೆಗೆದಿಲ್ಲ" ಅಂತ ಬರೆದುಬಿಡು. ಪುಸ್ತಕದಲ್ಲಿ ಒಂದು ವಾರ ಖಾಲಿ ಇದ್ದರೆ ಯಾವ ತೀರ್ಪುಗಾರರೂ ಬೈಯಲ್ಲ.

ನಿನ್ನ ಪ್ರಶ್ನೆಗೆ ಬಂದಿರೋ ಬೇರೆ ಉತ್ತರಗಳಲ್ಲಿ ಟೈಮ್‌ಟೇಬಲ್ ಹಾಕ್ಕೊಟ್ಟಿದ್ದಾರೆ, ಬೇಕಾದರೆ ನೋಡು.

ಅಂದ ಹಾಗೆ, ನಿನ್ನ ಕಾಂಪೋಸ್ಟ್ ಡ್ರಮ್ಮು ಟೆರೇಸಿನಲ್ಲಿದೆ ಅಂದೆಯಲ್ಲ? ಮಧ್ಯಾಹ್ನದ ಬಿಸಿಲಿಗೆ ಡ್ರಮ್ಮೇ ಕಾಯುತ್ತೆ. ಥರ್ಮಾಮೀಟರ್ ಇಡೋದು ಎಷ್ಟು ಗಂಟೆಗೆ, ಮೊದಲು ಅದನ್ನ ಹೇಳು.